ಸ್ನೈಡರ್ ಅವರ ಭರವಸೆಯ ಅಳತೆಪಟ್ಟಿ: ಸಂಘದ ಕೆಲಸಕ್ಕೆ ಎಷ್ಟು ಒದಗುತ್ತದೆ?

ಮನಸ್ಸಿದ್ದರೆ ಮಾರ್ಗ ಎನ್ನುತ್ತೇವೆ. ಆ ಗಾದೆಯನ್ನು ನಡುವೆ ಬಿಡಿಸಿ, ಮನಸ್ಸನ್ನೂ ಮಾರ್ಗವನ್ನೂ ಬೇರೆ ಬೇರೆ ತೂಗುವ ಸಾಧನ ಈ ಭರವಸೆಯ ಅಳತೆಪಟ್ಟಿ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಸಿ. ಆರ್. ಸ್ನೈಡರ್ ಮತ್ತು ಸಂಗಡಿಗರು ಇದನ್ನು 1991ರಲ್ಲಿ ಪ್ರಕಟಿಸಿದರು. ಭರವಸೆ ಎಂದರೆ ಬರೀ ಒಳ್ಳೆಯದಾಗುತ್ತದೆ ಎಂಬ ಭಾವನೆಯಲ್ಲ. ಒಂದು ಗುರಿ, ಅದಕ್ಕೆ ಹೋಗುವ ದಾರಿಗಳು ಹೊಳೆಯುವುದು, ಆ ದಾರಿಯಲ್ಲಿ ನಡೆಯುವ ಛಲ, ಈ ಮೂರೂ ಸೇರಿದ ಯೋಚನೆಯ ಬಗೆ ಎಂಬುದು ಸ್ನೈಡರ್ ಅವರ ವಾದ. ಸ್ವಸಹಾಯ ಸಂಘ, ಯುವಕರ ತರಬೇತಿ, ಮದ್ಯ ಬಿಟ್ಟವರ ಗುಂಪು ಇಂಥ ಕಡೆ ಕೆಲಸ ಮಾಡುವವರಿಗೆ ಈ ವಾದ ತುಂಬ ಉಪಯುಕ್ತ. ಯೋಚನೆಯ ಬಗೆಯಾದರೆ ಅದನ್ನು ಕಲಿಸಬಹುದು.

ಪಟ್ಟಿಯಲ್ಲಿ ಹನ್ನೆರಡು ವಾಕ್ಯಗಳಿವೆ. 1, 4, 6, 8ನೆಯವು ದಾರಿಗೆ ಸೇರಿದವು: ಇಕ್ಕಟ್ಟಿನಿಂದ ಹೊರಬರಲು ಹಲವು ಉಪಾಯ ಹೊಳೆಯುತ್ತದೆಯೇ ಎಂಬ ಧಾಟಿಯವು. 2, 9, 10, 12 ಛಲಕ್ಕೆ ಸೇರಿದವು: ಹಿಡಿದ ಕೆಲಸವನ್ನು ಹುರುಪಿನಿಂದ ಬೆನ್ನಟ್ಟುವುದು, ಅಂದುಕೊಂಡದ್ದನ್ನು ಮುಟ್ಟುವುದು. ಉಳಿದ 3, 5, 7, 11 ಕೇವಲ ಭರ್ತಿಗೆ ಇಟ್ಟವು, ಲೆಕ್ಕಕ್ಕಿಲ್ಲ. ಹೊಸಬರು ಎಡವುವುದು ಇಲ್ಲೇ. ಹನ್ನೆರಡನ್ನೂ ಕೂಡಿಬಿಟ್ಟರೆ ಆಯಾಸ, ಚಿಂತೆಯ ವಾಕ್ಯಗಳೂ ಸೇರಿಕೊಂಡು, ಹೆಚ್ಚು ಚಿಂತೆ ಮಾಡುವವರಿಗೆ ಹೆಚ್ಚು ಭರವಸೆ ಇದೆ ಎಂಬಂತೆ ಲೆಕ್ಕ ತಲೆಕೆಳಗಾಗುತ್ತದೆ.

ಪ್ರತಿ ವಾಕ್ಯವೂ ತನಗೆ ಎಷ್ಟು ನಿಜ ಎಂದು ಉತ್ತರಿಸುವವರು 1ರಿಂದ 8ರವರೆಗೆ ಅಂಕ ಕೊಡುತ್ತಾರೆ. ದಾರಿಯ ಮೊತ್ತ 4ರಿಂದ 32, ಛಲದ್ದೂ ಅಷ್ಟೇ, ಒಟ್ಟು 8ರಿಂದ 64. ಸಾಮಾನ್ಯವಾಗಿ ವರದಿಗೆ ಹೋಗುವುದು ಒಟ್ಟು ಅಂಕ. ನಮ್ಮ ಅಭಿಪ್ರಾಯದಲ್ಲಿ ಸಂಘದ ಕೆಲಸಕ್ಕೆ ಅದೇ ಎಲ್ಲಕ್ಕಿಂತ ಕಡಿಮೆ ಪ್ರಯೋಜನದ್ದು. ಒಬ್ಬರದು ಛಲ 27, ದಾರಿ 12 ಎಂದಿಟ್ಟುಕೊಳ್ಳಿ. ಇನ್ನೊಬ್ಬರದು ಛಲ 12, ದಾರಿ 27. ಇಬ್ಬರಿಗೂ ಒಟ್ಟು 39. ಮೊದಲನೆಯವರಿಗೆ ಹುರಿದುಂಬಿಸುವ ಭಾಷಣ ಬೇಡವೇ ಬೇಡ. ಯಾವ ಕಚೇರಿ, ಯಾವ ಅರ್ಜಿ, ಜೊತೆಗೆ ಯಾವ ದಾಖಲೆ, ಅಲ್ಲಿ ಆಗದಿದ್ದರೆ ಮುಂದೆ ಎಲ್ಲಿಗೆ ಎಂಬುದು ಬೇಕು. ಎರಡನೆಯವರಿಗೆ ಮಾಹಿತಿ ತುಂಬಿಸಿದಷ್ಟೂ ಭಾರ. ಒಂದು ವಾರದಲ್ಲಿ ಮುಗಿಯುವ ಸಣ್ಣ ಕೆಲಸ, ಜೊತೆಗೆ ಬರುವ ಒಬ್ಬರು, ಮುಗಿದಾಗ ಅದನ್ನು ಗಮನಿಸುವವರು ಬೇಕು. ಔಷಧ ಬೇರೆ ಬೇರೆಯಾಗಿರುವಾಗ ಅಂಕ ಒಂದೇ ಎಂದು ಇಬ್ಬರನ್ನೂ ಒಂದೇ ತರಬೇತಿಯಲ್ಲಿ ಕೂರಿಸುವುದರಿಂದ ಇಬ್ಬರಿಗೂ ನಷ್ಟ.

ಕನ್ನಡದಲ್ಲಿ ಬಳಸುವಾಗ ಭಾಷೆಯ ತೊಡಕು ಸಣ್ಣದಲ್ಲ. 'ಗುರಿ' ಎಂದರೆ ಅನೇಕರಿಗೆ ಶಾಲೆಯ ಪ್ರಬಂಧದ ಮಾತು. 'ಅಂದುಕೊಂಡ ಕೆಲಸ' ಎಂದರೆ ಕೂಡಲೇ ತಿಳಿಯುತ್ತದೆ. ಜೀವನದಲ್ಲಿ ಸಾಕಷ್ಟು ಯಶಸ್ಸು ಕಂಡಿದ್ದೇನೆ ಎಂಬ ಅರ್ಥದ 10ನೆಯ ವಾಕ್ಯಕ್ಕೆ ನಮ್ಮಲ್ಲಿ ಸಂಕೋಚ ಅಡ್ಡ ಬರುತ್ತದೆ. ತನ್ನನ್ನು ತಾನೇ ಹೊಗಳಿಕೊಳ್ಳುವುದು ಸರಿಯಲ್ಲ, ದೃಷ್ಟಿಯಾದೀತು ಎಂದು ಅಂಕ ಇಳಿಸಿ ಹೇಳುವವರು ಇರುತ್ತಾರೆ. ಅನುವಾದವಾದ ಮೇಲೆ ಐದಾರು ಜನರಿಗೆ ಓದಿ ಹೇಳಿ, 'ಇದನ್ನು ನಿಮ್ಮ ಮಾತಿನಲ್ಲಿ ಹೇಳಿ' ಎಂದು ಕೇಳಿ. ಬೇರೆ ಅರ್ಥ ಬಂದರೆ ತಿದ್ದಿ, ಮತ್ತೆ ಬೇರೆಯವರಿಗೆ ಓದಿ.

ಎಂಟು ಅಂಕಗಳ ಸಾಲು ಓದು ಬರಹ ಕಡಿಮೆ ಇರುವವರಿಗೆ ಗೊಂದಲ. ಎರಡು ಹೆಜ್ಜೆಯಲ್ಲಿ ಕೇಳಿದರೆ ಸುಲಭ: ಮೊದಲು ಈ ಮಾತು ನಿಮಗೆ ನಿಜವೋ ಸುಳ್ಳೋ, ಆಮೇಲೆ ಅದು ಸ್ವಲ್ಪವೋ, ತಕ್ಕಮಟ್ಟಿಗೋ, ಬಹುಪಾಲೋ, ಪೂರ್ತಿಯೋ. ಪೂರ್ತಿ ಸುಳ್ಳು 1, ಸ್ವಲ್ಪ ಸುಳ್ಳು 4, ಸ್ವಲ್ಪ ನಿಜ 5, ಪೂರ್ತಿ ನಿಜ 8. ನಡುವೆ ನಿಲ್ಲಲು ಜಾಗವಿಲ್ಲ, ಅದು ಬೇಕೆಂದೇ ಹಾಗಿದೆ. ಗುಂಪಿನಲ್ಲಿ ಗಟ್ಟಿಯಾಗಿ ಕೇಳಬೇಡಿ. ಮೊದಲನೆಯವರು ಎಂಟು ಎಂದರೆ ಸುತ್ತಲಿನವರೆಲ್ಲ ಏಳು, ಎಂಟೇ ಹೇಳುತ್ತಾರೆ. ಸಾಲ ಕೊಡುವ ದಿನವೂ ಬೇಡ. ಕಾಗದದ ಮೇಲೆ 'ಭರವಸೆ' ಎಂಬ ಹೆಸರನ್ನೇ ಹಾಕಬೇಡಿ. ಸ್ನೈಡರ್ ಕೂಡ ಉತ್ತರ ಬರೆಯುವವರ ಕೈಗೆ ಅದನ್ನು ಬೇರೆ ಹೆಸರಿನಲ್ಲೇ ಕೊಡುತ್ತಿದ್ದರು.

ಪಟ್ಟಿಯ ದೊಡ್ಡ ಕೊರತೆ ಎಂದರೆ ಬಹುತೇಕ ವಾಕ್ಯಗಳಲ್ಲಿ ಇರುವ 'ನಾನು'. ಹಳ್ಳಿಯ ಹೆಣ್ಣುಮಗಳೊಬ್ಬಳ ದಾರಿ ತವರಿನವರಿಂದ, ಸಂಘದ ಗೆಳತಿಯಿಂದ, ನಂಬಿದ ದೇವರಿಂದ ತೆರೆದುಕೊಂಡಿದ್ದರೆ ಈ ಅಳತೆ ಅದನ್ನು ಹಿಡಿಯುವುದಿಲ್ಲ. ಫಿಲಿಪ್ಪೀನ್ಸ್‌ನ ಮನಃಶಾಸ್ತ್ರಜ್ಞ ಅಲನ್ ಬರ್ನಾರ್ಡೊ 2010ರಲ್ಲಿ ಇದನ್ನೇ ಎತ್ತಿ ಹೇಳಿ, ಭರವಸೆಯ ನೆಲೆಯನ್ನು ತಾನು, ಕುಟುಂಬ, ಗೆಳೆಯರು, ದೈವ ಎಂದು ವಿಂಗಡಿಸಿದರು. ನಮ್ಮ ಸಂಘಗಳಿಗೆ ಆ ವಿಂಗಡಣೆ ಹೆಚ್ಚು ಹತ್ತಿರ. ಮೂಲ ಪಟ್ಟಿಯನ್ನೇ ಬಳಸುವವರು ಕೊನೆಗೆ ಒಂದು ಪ್ರಶ್ನೆ ಬೇರೆಯಾಗಿ ಕೇಳಬಹುದು: ಈ ಕೆಲಸಕ್ಕೆ ಯಾರು ಕೈ ಜೋಡಿಸುತ್ತಾರೆ? ಅದಕ್ಕೆ ಅಂಕ ಬೇಡ, ಹೆಸರು ಬರೆದುಕೊಂಡರೆ ಸಾಕು.

ಇನ್ನೊಂದು ಅಪಾಯವೂ ಇದೆ. ದಾರಿಯ ಅಂಕ ಕಡಿಮೆ ಬಂದರೆ ಯೋಚನೆಯಲ್ಲೇ ದೋಷ ಎಂದು ತೀರ್ಮಾನಿಸಬಾರದು. ಬಸ್ ಇಲ್ಲದ, ಬ್ಯಾಂಕ್ ಬಾಗಿಲಲ್ಲೇ ವಾಪಸ್ ಕಳಿಸುವ ಊರಿನಲ್ಲಿ ಕಡಿಮೆ ಅಂಕವೇ ಸರಿಯಾದ ಉತ್ತರ. ಒಂದೇ ಓಣಿಯ ಹಲವರಿಗೆ ದಾರಿಯ ಅಂಕ ಒಟ್ಟಿಗೆ ತಗ್ಗಿದ್ದರೆ ತರಬೇತಿ ಬಿಟ್ಟು ಪಂಚಾಯಿತಿಗೆ ಹೋಗಬೇಕು. ಈ ಅಂಕ ನೋಡಿ ಸಾಲಕ್ಕೋ ಸೌಲಭ್ಯಕ್ಕೋ ಜನರನ್ನು ಆರಿಸುವುದಂತೂ ಕೂಡದು.

ಮಕ್ಕಳಿಗೆ ಈ ಪಟ್ಟಿ ಬೇಡ. 8ರಿಂದ 16 ವರ್ಷದವರಿಗಾಗಿ 1997ರಲ್ಲಿ ಬಂದ ಆರು ವಾಕ್ಯಗಳ ಪಟ್ಟಿ ಬೇರೆಯೇ ಇದೆ, ಅಂಕ 6ರಿಂದ 36. ಮನೆಯಲ್ಲಿ ಹಿಂಸೆ ಕಂಡ ಮಕ್ಕಳಿಗಾಗಿ ಅಮೆರಿಕದಲ್ಲಿ ನಡೆಯುವ ಕ್ಯಾಂಪ್ ಹೋಪ್ ಶಿಬಿರಗಳ ಪರಿಣಾಮವನ್ನು ಒಕ್ಲಹಾಮ ವಿಶ್ವವಿದ್ಯಾಲಯದ ಚಾನ್ ಹೆಲ್ಮನ್ ಅಳೆದದ್ದು ಅದರಿಂದಲೇ. ತೀವ್ರ ಕಾಯಿಲೆಯವರ ನಡುವೆ ಕೆಲಸ ಮಾಡುವವರಿಗೆ ಹರ್ತ್ ಸೂಚ್ಯಂಕ ಎಂಬ, ಭರವಸೆಯನ್ನೇ ಅಳೆಯುವ ಇನ್ನೊಂದು ಪಟ್ಟಿ ಹೆಚ್ಚು ಹೊಂದುತ್ತದೆ.

ಮೊದಲು ಮತ್ತು ನಂತರ ಎಂದು ಎರಡು ಸಲ ಅಳೆಯುವುದಾದರೆ ಕೇಳುವವರು, ಜಾಗ, ವಾಕ್ಯಗಳ ಕ್ರಮ ಮೂರೂ ಒಂದೇ ಇರಲಿ. ನಡುವೆ ಬಿಟ್ಟುಹೋದವರ ಮೊದಲ ಅಂಕವನ್ನು ಪ್ರತ್ಯೇಕವಾಗಿ ಇಟ್ಟು ನೋಡಿ. ಛಲ ಕುಗ್ಗಿದವರೇ ಸಭೆ ಬಿಟ್ಟಿದ್ದರೆ ಉಳಿದವರ ಸರಾಸರಿ ತಾನಾಗಿಯೇ ಏರಿರುತ್ತದೆ. ಆಗ ಹೋಗಬೇಕಾದದ್ದು ಬಿಟ್ಟವರ ಮನೆಗೆ.