ಹಳೇ ಜಿ-1 ಫ್ಲೈಟ್ ಜಾಕೆಟ್: ವರ್ಷಗಟ್ಟಲೆ ತೊಟ್ಟ ಮೇಲೆ ನನ್ನ ಅನಿಸಿಕೆ

ಅಮೆರಿಕದ ನೌಕಾಪಡೆ ತನ್ನ ಪೈಲಟ್‌ಗಳಿಗೆ ಕೊಡುತ್ತಿದ್ದ ಚರ್ಮದ ಜಾಕೆಟ್ ಜಿ-1. ನನ್ನದು 1967ರ ಹಣಕಾಸು ವರ್ಷದ ಸರ್ಕಾರಿ ಕಾಂಟ್ರಾಕ್ಟ್‌ನಲ್ಲಿ ಹೊಲಿದದ್ದು. ನಾವಿರುವುದು ಒಹಾಯೋ ರಾಜ್ಯದ ಡೇಟನ್‌ನಲ್ಲಿ. ಎಲೆ ಉದುರಲು ಶುರುವಾದರೆ ಸಾಕು, ಹಿಮ ಬೀಳದ ದಿನಗಳಲ್ಲೆಲ್ಲ ಇದೇ ನನ್ನ ಜಾಕೆಟ್. ಆಫೀಸಿಗೂ ಇದೇ, ತರಕಾರಿ ತರುವುದಕ್ಕೂ ಇದೇ, ಕನ್ನಡ ಕೂಟದ ರಾಜ್ಯೋತ್ಸವಕ್ಕೂ ಇದೇ. ಹಳೇ ಮಿಲಿಟರಿ ಜಾಕೆಟ್ ಬೇಕು, ಆದರೆ ಬೀರುವಿನಲ್ಲಿ ಇಡಲು ಅಲ್ಲ, ತೊಡಲು ಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ: 1960ರ ದಶಕದ ಜಿ-1 ಹುಡುಕಿ.

ಈ ಹವ್ಯಾಸಕ್ಕೆ ಬರುವವರ ಕಣ್ಣು ಮೊದಲು ಬೀಳುವುದು ಎ-2 ಮೇಲೆ. ಅದು ಭೂಸೇನೆಯ ವಾಯುದಳದ ಜಾಕೆಟ್. 1931ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡನೇ ಮಹಾಯುದ್ಧದ ಫೋಟೋಗಳಲ್ಲಿ ಬಾಂಬರ್ ವಿಮಾನದ ಮುಂದೆ ನಿಂತ ಹುಡುಗರ ಮೈಮೇಲೆ ಇರುವುದು ಅದೇ. 1943ರಲ್ಲಿ ಹೊಸ ಆರ್ಡರ್ ನಿಲ್ಲಿಸಿ ಬಟ್ಟೆಯ ಜಾಕೆಟ್ ತಂದರು. ಅಂದರೆ ಯುದ್ಧಕಾಲದ ಅಸಲಿ ಎ-2ಗೆ ಈಗ 80 ದಾಟಿದೆ. ಹೆಚ್ಚಿನವು ಕುದುರೆ ಚರ್ಮದವು. ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮ ಮುದಿಯಾದರೆ ಒಳಗಿಂದಲೇ ಪುಡಿಯಾಗುತ್ತದೆ, ಬೆರಳಿಗೆ ಕೆಂಪು ಹುಡಿ ಅಂಟುತ್ತದೆ. ಹತ್ತಿ ನೂಲಿನ ಹೊಲಿಗೆಯೂ ಸತ್ವ ಕಳೆದುಕೊಂಡಿರುತ್ತದೆ. ಅಂಥ ಜಾಕೆಟ್ ತೊಟ್ಟು ಕಾರಿನ ಸೀಟ್ ಬೆಲ್ಟ್ ಎಳೆದರೆ ಕಂಕುಳಲ್ಲಿ ಹರಿಯುತ್ತದೆ. ಇಲ್ಲೇ ನಮ್ಮೂರಿನ ವಾಯುಪಡೆ ಮ್ಯೂಸಿಯಂನಲ್ಲಿ ಎ-2ಗಳನ್ನು ಸಾಲಾಗಿ ಗಾಜಿನ ಹಿಂದೆ ಇಟ್ಟಿದ್ದಾರೆ. ಪ್ರವೇಶಕ್ಕೆ ದುಡ್ಡು ಕೊಡಬೇಕಿಲ್ಲ. ಅಸಲಿ ಎ-2 ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಜಿ-1 ಕಥೆ ಬೇರೆ. ಅದರ ಪೂರ್ವಜ ಎಂ-422 ಸುಮಾರಾಗಿ ಯುದ್ಧ ಶುರುವಾದ ಕಾಲದ್ದು. ಆಮೇಲೆ ಎಂ-422ಎ, ಎಎನ್-6552 ಎಂದು ಹೆಸರು ಬದಲಾಗುತ್ತಾ ಹೋಯಿತು. ಯುದ್ಧ ಮುಗಿದ ಮೇಲೆ ಜಿ-1 ಎಂಬ ಹೆಸರು ನಿಂತಿತು. ವಿನ್ಯಾಸ ಮಾತ್ರ ಹೆಚ್ಚುಕಮ್ಮಿ ಅದೇ. ದಶಕಗಟ್ಟಲೆ ಹೊಲಿಯುತ್ತಲೇ ಇದ್ದರು, ಹಾಗಾಗಿ ತೊಡುವ ಸ್ಥಿತಿಯಲ್ಲಿರುವವು ಇನ್ನೂ ಬೇಕಾದಷ್ಟು ಸಿಗುತ್ತವೆ. ನಾನು ಕೊಟ್ಟದ್ದು 300 ಡಾಲರ್‌ಗಿಂತ ಕಡಿಮೆ. ಈಗಿನ ಒಳ್ಳೇ ನಕಲು ಜಾಕೆಟ್ ಹೊಲಿಸಲು ಇದಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತದೆ.

ಇದರ ಜೀವ ಇರುವುದು ಮೇಕೆ ಚರ್ಮದಲ್ಲಿ. ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಉಬ್ಬು, ರಂಧ್ರ ಕಾಣುತ್ತವೆ. ಕುದುರೆ ಚರ್ಮದ ನುಣುಪು, ಹೊಳಪು ಇದಕ್ಕಿಲ್ಲ. ಆದರೆ ತೆಳುವಾಗಿದ್ದೂ ಗಟ್ಟಿ. ಬೇಲಿಗೆ ತಗುಲಿದ್ದಿದೆ, ಬೆನ್ನಿನ ಚೀಲದ ಪಟ್ಟಿ ದಿನಾ ಉಜ್ಜಿದ್ದಿದೆ, ಹನಿ ಮಳೆಯಲ್ಲಿ ನೆನೆದಿದ್ದಿದೆ. ಎಲ್ಲೂ ಹರಿದಿಲ್ಲ. ಮೊಣಕೈ, ಜೇಬಿನ ಅಂಚು, ಜಿಪ್ ಪಕ್ಕದಲ್ಲಿ ಮೇಲಿನ ಬಣ್ಣ ಸವೆದು ಕೆಳಗಿನ ತಿಳಿ ಕಂದು ಕಾಣುತ್ತಿದೆ. ಈ ಸವೆತ ನನಗೆ ತುಂಬಾ ಇಷ್ಟ. ಹೊಸ ಜಾಕೆಟ್‌ಗಳಲ್ಲಿ ಯಂತ್ರದಿಂದ ಉಜ್ಜಿ ಮಾಡಿದ ಸವೆತ ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾದ ಸವೆತ ತೊಟ್ಟವರ ಮೈ ತಾಗಿದ ಕಡೆ ಮಾತ್ರ ಇರುತ್ತದೆ.

ಇನ್ನೊಂದು ಮಾತು. 1970ರ ದಶಕದ ಕೆಲವು ಜಿ-1ಗಳು ದನದ ಚರ್ಮದವು. ಮನೆಯಲ್ಲಿ ಅದು ಬೇಡ ಅನ್ನುವವರು ನಮ್ಮಲ್ಲಿ ಜಾಸ್ತಿ ಅಲ್ವಾ? ಅಂಥವರು ಕೊಳ್ಳುವ ಮುಂಚೆ ಚರ್ಮ ಯಾವುದು ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ಬೆನ್ನಿನ ಹೊಲಿಗೆಯನ್ನು ಎಷ್ಟು ಹೊಗಳಿದರೂ ಸಾಲದು. ಎರಡೂ ಭುಜದ ಹಿಂದೆ ಉದ್ದಕ್ಕೆ ಮಡಿಕೆ ಇದೆ. ಕೈ ಮುಂದೆ ಚಾಚಿದರೆ ಮಡಿಕೆ ಬಿಚ್ಚುತ್ತದೆ, ಇಳಿಸಿದರೆ ಮುಚ್ಚಿಕೊಳ್ಳುತ್ತದೆ. ಕಂಕುಳಲ್ಲಿ ಬೇರೆ ತುಂಡು ಕೂಡಿಸಿದ್ದಾರೆ. ಇಕ್ಕಟ್ಟಾದ ವಿಮಾನದೊಳಗೆ ಕೂತವನ ಕೈ ಸಲೀಸಾಗಿ ಆಡಲಿ ಎಂದು ಮಾಡಿದ್ದು. ಕಾರು ಓಡಿಸುವಾಗ ನನಗೂ ಅದೇ ಉಪಕಾರ. ಎ-2 ಬೆನ್ನು ಒಂದೇ ತುಂಡು, ಮಡಿಕೆ ಇಲ್ಲ. ಎರಡನ್ನೂ ತೊಟ್ಟು ಸ್ಟೀರಿಂಗ್ ಹಿಡಿದು ನೋಡಿದವರಿಗೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಕೊರತೆಗಳೂ ಇವೆ. ಕೈ ಬೆಚ್ಚಗಿಡಲು ಪಕ್ಕದ ಜೇಬಿಲ್ಲ. ಮುಂದಿರುವ ಎರಡು ಜೇಬುಗಳಿಗೆ ಮೇಲಿಂದ ಮುಚ್ಚಳ, ಅದಕ್ಕೊಂದು ಗುಂಡಿ. ಫೋನ್ ತೆಗೆಯುವುದು ಅಂದರೆ ಪ್ರತಿ ಸಲ ಗುಂಡಿ ಬಿಚ್ಚುವ ಕೆಲಸ. ನಾನು ಫೋನನ್ನು ಒಳಜೇಬಿನಲ್ಲಿ ಇಡುತ್ತೇನೆ. ಸೊಂಟದಲ್ಲೇ ನಿಲ್ಲುವ ಜಾಕೆಟ್ ಇದು. ಉದ್ದ ಅಂಗಿ ತೊಟ್ಟರೆ ಕೆಳಗೆ ಇಣುಕುತ್ತದೆ. ಚಳಿಯ ವಿಷಯಕ್ಕೆ ಬಂದರೆ, ಒಳಗೆ ಸ್ವೆಟರ್ ಇದ್ದರೆ 5 ಡಿಗ್ರಿವರೆಗೆ ಆರಾಮ. ಅದಕ್ಕಿಂತ ಕೆಳಗೆ ಹೋದರೆ ದಪ್ಪ ಕೋಟೇ ಬೇಕು. ಗಾಳಿಯನ್ನು ಮಾತ್ರ ಚೆನ್ನಾಗಿ ತಡೆಯುತ್ತದೆ. ತುಪ್ಪಳದ ಕಾಲರ್ ಎತ್ತಿಕೊಂಡರೆ ಕಿವಿಯ ಹತ್ತಿರದವರೆಗೂ ಬೆಚ್ಚಗೆ.

ಮೊದಲು ಕೆಡುವುದು ಚರ್ಮವಲ್ಲ, ಉಣ್ಣೆ. ಕೈತುದಿಯ ಪಟ್ಟಿ, ಸೊಂಟದ ಪಟ್ಟಿ ಎರಡೂ ಹೆಣೆದ ಉಣ್ಣೆಯವು. ಹುಳ ತಿಂದು ತೂತಾಗುತ್ತವೆ, ಎಳೆದು ಎಳೆದು ಸಡಿಲ ಆಗುತ್ತವೆ. ನನ್ನ ಜಾಕೆಟ್‌ನ ಕೈಪಟ್ಟಿ ಎರಡನ್ನೂ ಬದಲಿಸಿದ್ದೇನೆ. ಪೂರಾ ಉಣ್ಣೆಯ ಪಟ್ಟಿಯನ್ನೇ ಹಾಕಿಸಿ, ನೈಲಾನ್ ಬೆರೆತದ್ದು ನೋಡಲು ಚೆನ್ನಾಗಿರುವುದಿಲ್ಲ. ಹೊಲಿಯುವವರಿಗೆ ಹಳೇ ಸೂಜಿ ತೂತಿನಲ್ಲೇ ಹೊಲಿಯಿರಿ ಎಂದು ಹೇಳುವುದನ್ನು ಮರೆಯಬೇಡಿ. ಚರ್ಮಕ್ಕೆ ಒಮ್ಮೆ ಬಿದ್ದ ತೂತು ಮುಚ್ಚುವುದಿಲ್ಲ. ಪಕ್ಕದಲ್ಲೇ ಹೊಸ ಸಾಲು ಬಿದ್ದರೆ ಅಂಚೆಚೀಟಿ ಹರಿದ ಹಾಗೆ ಅಲ್ಲಿಂದಲೇ ಹರಿಯುತ್ತದೆ.

ಈಗ ಗುರುತು ಹಿಡಿಯುವ ವಿಷಯ. ನನಗೆ ತುಂಬಾ ಖುಷಿ ಕೊಡುವ ಭಾಗ ಇದೇ.

ಲೇಬಲ್‌ನಲ್ಲಿ ಮೊದಲು ನೋಡಬೇಕಾದ್ದು ಸ್ಪೆಸಿಫಿಕೇಶನ್ ನಂಬರ್, ಅಂದರೆ ಜಾಕೆಟ್ ಹೇಗಿರಬೇಕು ಎಂದು ಸೇನೆ ಬರೆದಿಟ್ಟ ನಿಯಮದ ನಂಬರ್. 1950ರ ದಶಕದಿಂದ ಮುಂದಿನ ಜಿ-1ಗಳಲ್ಲಿ ಮಿಲ್-ಜೆ-7823 ಎಂದಿರುತ್ತದೆ. ಪರಿಷ್ಕರಣೆ ಆದ ಹಾಗೆಲ್ಲ ಕೊನೆಗೆ ಎ, ಬಿ, ಸಿ, ಡಿ, ಇ ಅಕ್ಷರ ಸೇರಿದೆ. ಅದರ ಪಕ್ಕ ಇನ್ನೊಂದು ಸಂಕೇತ ಇರಬಹುದು. ಎಇಆರ್ ಅಂದರೆ ನೌಕಾಪಡೆಯ ವಿಮಾನ ವಿಭಾಗ, ಅದು 1959ರವರೆಗೆ ಇತ್ತು. ಡಬ್ಲ್ಯುಇಪಿ ಅಂದರೆ ಆಮೇಲೆ ಬಂದ ಶಸ್ತ್ರಾಸ್ತ್ರ ವಿಭಾಗ, 1966ರವರೆಗೆ. ನಂತರದ್ದು ಎಎಸ್. ಇದು ಜಾಕೆಟ್ ಹೊಲಿದ ವರ್ಷ ಅಲ್ಲ, ಆ ಸ್ಪೆಸಿಫಿಕೇಶನ್ ಯಾವ ಕಚೇರಿಯದು ಎಂಬುದು. ಹಳೇ ಸ್ಪೆಸಿಫಿಕೇಶನ್ ಇಟ್ಟುಕೊಂಡೇ ಕೆಲವು ವರ್ಷ ಹೊಲಿದಿರುತ್ತಾರೆ.

ವರ್ಷಕ್ಕೆ ಕಾಂಟ್ರಾಕ್ಟ್ ನಂಬರ್ ನೋಡಿ. ನನ್ನದು ಡಿಎಸ್‌ಎ 100-67-ಸಿ ಎಂದು ಶುರುವಾಗುತ್ತದೆ. ಡಿಎಸ್‌ಎ ಅಂದರೆ ಸೇನೆಗೆ ಸಾಮಾನು ಒದಗಿಸುತ್ತಿದ್ದ ಸರ್ಕಾರಿ ಸಂಸ್ಥೆ. ನಡುವಿನ 67 ಹಣಕಾಸು ವರ್ಷ. ಆಗ ಅಮೆರಿಕದ ಹಣಕಾಸು ವರ್ಷ ಜುಲೈನಲ್ಲಿ ಶುರುವಾಗುತ್ತಿತ್ತು. ಹಾಗಾಗಿ ಈ ಕಾಂಟ್ರಾಕ್ಟ್ ಆದದ್ದು 1966ರ ಜುಲೈ ಮತ್ತು 1967ರ ಜೂನ್ ನಡುವೆ. ಡಿಎಸ್‌ಎ ಬದಲು ಡಿಎಲ್‌ಎ ಎಂದಿದ್ದರೆ ಅದು 1977ರಿಂದ ಈಚಿನದು, ಆ ಸಂಸ್ಥೆಯ ಹೆಸರು ಬದಲಾದದ್ದು ಆ ವರ್ಷ. ಸರ್ಕಾರ ಪ್ರತಿ ಸಾಮಾನಿಗೂ ಕೊಡುವ ದಾಸ್ತಾನು ನಂಬರ್ ಲೇಬಲ್‌ನಲ್ಲಿ ಇದ್ದರೆ ಅಂಕಿ ಎಣಿಸಿ. ಬಟ್ಟೆಬರೆಯ ನಂಬರ್ 8415ರಿಂದ ಶುರು. ಒಟ್ಟು 11 ಅಂಕಿ ಇದ್ದರೆ 1974ಕ್ಕಿಂತ ಹಿಂದಿನ ಕ್ರಮ, 13 ಇದ್ದರೆ ಆಮೇಲಿನದು. ಎಷ್ಟೋ ಸಲ ಮಾರುವವರು "ವಿಯೆಟ್ನಾಂ ಕಾಲದ್ದು" ಎಂದು ಬರೆದಿರುತ್ತಾರೆ. ಲೇಬಲ್‌ನಲ್ಲಿ 13 ಅಂಕಿ ಕಂಡರೆ ಅಲ್ಲಿಗೆ ಮಾತು ಮುಗಿಯಿತು.

ಕಾಂಟ್ರಾಕ್ಟ್ ನಂಬರೇ ಇಲ್ಲದೆ ಬರೀ ಕಂಪನಿ ಹೆಸರು, ಜಿ-1 ಅಂತ ಇದ್ದರೆ ಅದು ಅಂಗಡಿಗೆಂದು ಮಾಡಿದ್ದು. 1980ರ ದಶಕದಲ್ಲಿ ಅಂಥವು ಲೆಕ್ಕವಿಲ್ಲದಷ್ಟು ಬಂದವು. ತೊಡಲು ಕೆಲವು ಚೆನ್ನಾಗಿಯೇ ಇವೆ, ಆದರೆ ಮಿಲಿಟರಿ ಜಾಕೆಟ್ ಬೆಲೆ ಅವಕ್ಕೆ ಕೊಡಬಾರದು. ಜಿಪ್ ಹಿಂದಿನ ಗಾಳಿಪಟ್ಟಿಯಲ್ಲಿ ಚುಕ್ಕಿ ತೂತುಗಳಿಂದ ಯುಎಸ್‌ಎನ್ (ಅಮೆರಿಕದ ನೌಕಾಪಡೆ) ಎಂದು ಕೊರೆದಿರುವುದು ಚೆಂದ, ಅಸಲಿ ಜಾಕೆಟ್‌ನಲ್ಲಿ ಅದು ಇರಬೇಕು ಕೂಡ. ಅದೊಂದನ್ನೇ ನಂಬಬೇಡಿ. ನಕಲು ಮಾಡುವವರೂ ಅದನ್ನು ಕೊರೆಯುತ್ತಾರೆ. ಕಾಲರ್ ಕೂದಲನ್ನೂ ಬಿಡಿಸಿ ನೋಡಿ. ಹಳೆಯವುಗಳಲ್ಲಿ ಕತ್ತರಿಸಿ ಸಮ ಮಾಡಿದ ಕುರಿ ತುಪ್ಪಳ, ಬುಡದಲ್ಲಿ ಚರ್ಮ ಕಾಣುತ್ತದೆ. ಇ ಪರಿಷ್ಕರಣೆಯ ಹೊತ್ತಿಗೆ ಕೃತಕ ತುಪ್ಪಳ ಬಂತು. ಅದರ ಬುಡದಲ್ಲಿ ನೇಯ್ದ ಬಟ್ಟೆ ಕಾಣುತ್ತದೆ.

ಪ್ಯಾಚ್, ಅಂದರೆ ಜಾಕೆಟ್ ಮೇಲೆ ಹೊಲಿದ ದಳದ ಗುರುತು, ಇದರ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಪ್ಯಾಚ್‌ಗೆಂದು ಜಾಸ್ತಿ ದುಡ್ಡು ಕೊಡಬೇಡಿ. ಮೋಸ ನಡೆಯುವುದು ಹೆಚ್ಚಾಗಿ ಅಲ್ಲೇ. ಕತ್ತಲಲ್ಲಿ ಅಲ್ಟ್ರಾವೈಲೆಟ್ ಟಾರ್ಚ್ ಬಿಡಿ. ಈಚಿನ ಎಷ್ಟೋ ಬಿಳಿ ನೂಲು, ಬಟ್ಟೆಗಳು ನೀಲಿಯಾಗಿ ಹೊಳೆಯುತ್ತವೆ, ಯುದ್ಧಕಾಲದ ಹತ್ತಿ ಮಂಕಾಗಿಯೇ ಇರುತ್ತದೆ. ಈಗಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಹಳೆಯದೂ ಹೊಳೆಯಬಹುದು, ಅದು ನೆನಪಿರಲಿ. ಎ-2 ಬೆನ್ನಿನ ಮೇಲೆ ಚಿತ್ರ ಬರೆದಿದ್ದರೆ ಭೂತಗನ್ನಡಿ ಹಿಡಿದು ಬಿರುಕು ನೋಡಿ. ಅಸಲಿಯಲ್ಲಿ ಚರ್ಮ ಬಿರಿದ ಕಡೆ ಬಣ್ಣವೂ ಬಿರಿದಿರುತ್ತದೆ. ಬಣ್ಣ ಬಿರುಕಿನೊಳಗೆ ಇಳಿದಿದ್ದರೆ, ಚರ್ಮ ಹಳತಾದ ಮೇಲೆ ಯಾರೋ ಬರೆದಿದ್ದಾರೆ ಎಂದೇ ಅರ್ಥ.

ನಮ್ಮವರು ತಿಳಿದಿರಬೇಕಾದ ಒಂದು ಪ್ಯಾಚ್ ಇದೆ. ಎರಡನೇ ಮಹಾಯುದ್ಧದ ಚೀನಾ-ಬರ್ಮಾ-ಇಂಡಿಯಾ ರಣರಂಗದ್ದು. ಗುರಾಣಿ ಆಕಾರ, ಕೆಳಗೆ ಕೆಂಪು ಬಿಳಿ ಪಟ್ಟೆ, ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ. ಇಂಥ ಎಷ್ಟೋ ಪ್ಯಾಚ್‌ಗಳನ್ನು ಅಮೆರಿಕದ ಸೈನಿಕರು ಭಾರತದಲ್ಲೇ ಮಾಡಿಸಿಕೊಂಡರು. ಬಣ್ಣ ಬಣ್ಣದ ಚರ್ಮದ ತುಂಡು ಕತ್ತರಿಸಿ ಜೋಡಿಸಿದ ನಮ್ಮ ಕಸುಬುದಾರರ ಕೈಕೆಲಸ ಅದು. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯೂ 1943ರಿಂದ ಅಮೆರಿಕದವರ 84ನೇ ಏರ್ ಡಿಪೋ ಆಗಿತ್ತು, ಅವರ ವಿಮಾನಗಳು ಅಲ್ಲಿ ರಿಪೇರಿಯಾಗುತ್ತಿದ್ದವು. ಆ ಪ್ಯಾಚ್ ಹೊಲಿದವರ ಹೆಸರು ಯಾವ ಲೇಬಲ್‌ನಲ್ಲೂ ಇಲ್ಲ. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಕಂಪನಿಗಳ ಹೆಸರಿನಷ್ಟೇ ಗೌರವದಿಂದ ಅವರ ಕೆಲಸವನ್ನೂ ನೋಡಬೇಕು ಎಂಬುದು ನನ್ನ ಆಸೆ.

ಅಳತೆ ವಿಷಯ: ಹಳೇ ಜಾಕೆಟ್‌ಗಳ ಸೈಜ್ ನಂಬಿ ಕೊಳ್ಳಬೇಡಿ. 42 ಎಂದು ಬರೆದದ್ದು ಈಗಿನ 40ರ ಹಾಗೆ ಕೂರಬಹುದು. ಜಾಕೆಟ್ ಹಾಸಿ ಒಂದು ಕಂಕುಳಿಂದ ಇನ್ನೊಂದಕ್ಕೆ, ಭುಜ, ತೋಳಿನ ಉದ್ದ ಅಳೆದು ಕಳಿಸಲು ಹೇಳಿ. ಚೆನ್ನಾಗಿ ಕೂರುವ ನಿಮ್ಮದೇ ಜಾಕೆಟ್ ಜೊತೆ ಹೋಲಿಸಿ.

ನೋಡಿಕೊಳ್ಳುವುದು ಕಷ್ಟವಿಲ್ಲ. ಅಗಲ ಭುಜದ ಮರದ ಹ್ಯಾಂಗರ್ ಬೇಕು, ತಂತಿಯದು ಭುಜವನ್ನು ಕೆಡಿಸುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ಚರ್ಮಕ್ಕೆ ಗಾಳಿಯಾಡಬೇಕು. ಎಣ್ಣೆ ಜಾಸ್ತಿ ಹಚ್ಚಿದರೆ ಚರ್ಮ ಮೆತ್ತಗಾಗಿ ಹೊಲಿಗೆ ಸಡಿಲವಾಗುತ್ತದೆ. ವರ್ಷಕ್ಕೊಮ್ಮೆ ಕಂಡೀಷನರನ್ನು ತೆಳ್ಳಗೆ ಸವರುತ್ತೇನೆ, ಅಷ್ಟೇ. ನೆನೆದರೆ ಹೀಟರ್ ಹತ್ತಿರ ಇಡದೆ ನೆರಳಲ್ಲಿ ಒಣಗಿಸಿ. ಊರಿಗೆ ತರುವ ಯೋಚನೆ ಇದ್ದರೆ, ಬೆಂಗಳೂರಿನ ಡಿಸೆಂಬರ್ ಸಂಜೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮಾತ್ರ ಬೀರುವಿನಲ್ಲಿ ಮರೆತುಬಿಟ್ಟರೆ ಬೂಷ್ಟು ಖಂಡಿತ. ವಾರಕ್ಕೊಮ್ಮೆಯಾದರೂ ಹೊರಗೆ ತೂಗುಹಾಕಿ.

ಕೊಳ್ಳುವ ಮುಂಚೆ ಲೇಬಲ್, ಜಿಪ್‌ನ ಎರಡೂ ತುದಿ, ಕಂಕುಳ ಒಳಭಾಗ, ಕಾಲರ್ ಕೆಳಭಾಗ, ನಾಲ್ಕು ಕಡೆಯ ಲೈನಿಂಗ್ ಫೋಟೋ ಕೇಳಿ. ಜಿಪ್ ಬದಲಾಗಿದ್ದರೆ ತೊಡುವವರಿಗೆ ತೊಂದರೆ ಇಲ್ಲ, ಬೆಲೆ ಮಾತ್ರ ಇಳಿಯಬೇಕು. ಲೇಬಲ್ ಸುತ್ತ ಎರಡು ಸಾಲು ಸೂಜಿ ತೂತು ಕಂಡರೆ ಅದನ್ನು ಬೇರೆ ಜಾಕೆಟ್‌ನಿಂದ ತಂದು ಹಚ್ಚಿರಬಹುದು. ಅಂಥದ್ದನ್ನು ನಾನು ಮುಟ್ಟುವುದಿಲ್ಲ. ಫೋಟೋ ಕಳಿಸಲು ಹಿಂದೆಮುಂದೆ ನೋಡುವವರ ಹತ್ತಿರವೂ ಕೊಳ್ಳುವುದಿಲ್ಲ.