ಬೆಂಗೇರಿಯ ಖಾದಿ ಬಾವುಟ: ರೇಟು ಜಾಸ್ತಿ, ಆದ್ರೂ ಇದನ್ನೇ ತಗೊಳ್ಳಿ

ನಮ್ಮ ಓಣಿಯ ಸಂಘಕ್ಕೆ ಈ ಸಲ ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಿಂದ ಬಾವುಟ ತಂದೆವು. ಮೂರಡಿ ಉದ್ದ, ಎರಡಡಿ ಅಗಲ. ಹಿಂದಿನ ವರ್ಷ ಆನ್‌ಲೈನ್‌ನಲ್ಲಿ ತರಿಸಿದ್ದು ಪಾಲಿಸ್ಟರ್. ಚಕ್ರ ಒಂದು ಕಡೆ ವಾಲಿತ್ತು, ಮೊದಲ ಮಳೆಗೇ ಅಂಚಿನ ನೂಲು ಬಿಚ್ಚಿಕೊಂಡಿತು. ಯಾರು ಮಾಡಿದ್ದು, ಎಲ್ಲಿ ಮಾಡಿದ್ದು ಅಂತ ಪ್ಯಾಕೆಟ್ ಮೇಲೆ ಒಂದಕ್ಷರ ಇರಲಿಲ್ಲ.

ಇದನ್ನು ಕೈಗೆ ತಗೊಂಡರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ. ಮೂರು ಬಣ್ಣದ ಪಟ್ಟಿಗಳನ್ನು ಬೇರೆ ಬೇರೆ ಕತ್ತರಿಸಿ, ಜೋಡಿಸಿ ಹೊಲಿದಿದ್ದಾರೆ. ಬಿಳಿ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಎರಡೂ ಬದಿಯ ಚಕ್ರ, ಅದರ 24 ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆ. ಹಗ್ಗದ ಕಡೆ ದಪ್ಪ ಖಾದಿ ಪಟ್ಟಿ ಇದೆ. ನೂಲು, ಬಣ್ಣ, ಅಳತೆ, ಹೊಲಿಗೆ ಎಲ್ಲದಕ್ಕೂ ಐಎಸ್‌ಐ ನಿಯಮ ಉಂಟು. ಆ ಮಾನದಂಡದ ನಂಬರೇ ಐಎಸ್ 1.

ರೇಟು? ಪಾಲಿಸ್ಟರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ, ಅದು ನಿಜ. 2022ರ ಆಗಸ್ಟ್‌ನಲ್ಲಿ ಅಂಚೆ ಕಚೇರಿಯಲ್ಲೇ 25 ರೂಪಾಯಿಗೆ ಬಾವುಟ ಸಿಗುತ್ತಿತ್ತು. ಅದಕ್ಕೂ ಮುಂಚೆ, 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ ಪಾಲಿಸ್ಟರ್‌ಗೂ ಮಿಲ್ ಬಟ್ಟೆಗೂ ಒಪ್ಪಿಗೆ ಕೊಟ್ಟಿದ್ದರು. ಅದರ ಪೆಟ್ಟು ನೇರವಾಗಿ ಬೆಂಗೇರಿಗೆ ಬಿತ್ತು. ಬಾಗಲಕೋಟೆ ಕಡೆ ನೂತು ನೇಯುವವರು, ಇಲ್ಲಿ ಹೊಲಿಯುವವರು ಹೆಚ್ಚಿನಂಶ ಹೆಣ್ಣುಮಕ್ಕಳೇ, ಆರ್ಡರ್ ಬಂದರಷ್ಟೇ ಅವರ ಕೈಗೆ ಕೆಲಸ.

ಅಗ್ಗದ ಬಟ್ಟೆಯ ಬೆಲೆಯನ್ನು ಯಾರೋ ತೆತ್ತೇ ಇರುತ್ತಾರೆ. 2013ರಲ್ಲಿ ಢಾಕಾ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು, ಅಲ್ಲಿ ಹೊಲಿಯುತ್ತಿದ್ದದ್ದು ದೊಡ್ಡ ದೊಡ್ಡ ವಿದೇಶಿ ಬ್ರ್ಯಾಂಡ್‌ಗಳ ಅಂಗಿಗಳನ್ನು. ಅಷ್ಟು ದೂರದ ಫ್ಯಾಕ್ಟರಿಗೆ ಹೋಗಿ ನಾವು ವಿಚಾರಿಸೋಕೆ ಆಗಲ್ಲ. ಬೆಂಗೇರಿಗೆ ಸಿಟಿ ಬಸ್ಸಿದೆ ಅಲ್ವಾ? ಇಷ್ಟು ಹತ್ತಿರ ಇದ್ದೂ ನಾವು ಕೇಳದಿದ್ದರೆ ಹೇಗೆ?

ಪ್ರತಿ ಮನೆಯೂ ಇಷ್ಟು ದುಡ್ಡು ಕೊಡಬೇಕು ಅಂತ ನಾನು ಹೇಳಲ್ಲ. ಕೂಲಿ ಮಾಡಿ ತಿನ್ನುವವರು ತಮ್ಮ ಮಗುವಿಗೆ 25 ರೂಪಾಯಿಯ ಬಾವುಟ ಕೊಡಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಶಾಲೆ, ಪಂಚಾಯ್ತಿ, ಬ್ಯಾಂಕು, ಅಪಾರ್ಟ್‌ಮೆಂಟ್ ಸಂಘ ಇವೆಲ್ಲ ಎಲ್ಲರ ದುಡ್ಡಲ್ಲಿ ಕೊಳ್ಳುವಾಗಲೂ ಅಗ್ಗದ್ದನ್ನೇ ಹುಡುಕುವುದು ನನಗೆ ಸರಿ ಕಾಣಲ್ಲ.

ಖಾದಿ ನೆನೆದರೆ ಭಾರ ಆಗುತ್ತದೆ, ನೆರಳಲ್ಲಿ ಒಣಗಿಸಿ ಮಡಚಿಡಿ. ಆಗಸ್ಟ್ ಹತ್ತಿರ ಬಂದ ಮೇಲೆ ಓಡಬೇಡಿ, ಜೂನ್‌ನಲ್ಲೇ ಆರ್ಡರ್ ಕೊಡಿ. ತಗೊಳ್ಳುವಾಗ ಐಎಸ್‌ಐ ಗುರುತು ಇದೆಯಾ ನೋಡಿ, ಬಿಲ್ ಕೇಳಿ ಪಡೆಯಿರಿ.