ಹೆಸರು ಬಟರ್, ನಿಜದಲ್ಲಿ ತುಪ್ಪ: ಮೂರು ವರ್ಷ ಶಿಯಾ ಬಟರ್ ಹಚ್ಚಿದ ಮೇಲೆ

ಮೂರು ವರ್ಷದ ಹಿಂದೆ ಶಿಯಾ ಬಟರಿಗೆ, ಅಂದರೆ ಆಫ್ರಿಕಾದ ಶಿಯಾ ಮರದ ಬೀಜದಿಂದ ತೆಗೆದು ಚರ್ಮಕ್ಕೆ ಹಚ್ಚುವ ಕೊಬ್ಬಿಗೆ, ಒಂದೇ ಒಂದು ಸ್ಟಾರ್ ಕೊಟ್ಟವಳು ನಾನೇ. "ಡಬ್ಬಿ ತುಂಬ ರವೆ ರವೆ, ಕೆಟ್ಟ ಮಾಲು, ತಗೋಬೇಡಿ" ಅಂತ ಸಿಟ್ಟಿನಲ್ಲಿ ಬರೆದಿದ್ದೆ. ಆ ವಿಮರ್ಶೆ ಉಪಯೋಗಕ್ಕೆ ಬಂತು ಅಂತ ಮೂವತ್ತೇಳು ಜನ ಒತ್ತಿದ್ದಾರೆ. ಅವರೆಲ್ಲರ ಹತ್ತಿರ ಕ್ಷಮೆ ಕೇಳಬೇಕು. ಸಿಟ್ಟು ಪೂರ್ತಿ ಇಳಿದಿಲ್ಲ, ಅದು ಬೇರೆ ಕಡೆ ತಿರುಗಿದೆ ಅಷ್ಟೆ.

ಮೊದಲು ನನ್ನ ಕೈಯ ಕಥೆ. ನನ್ನದು ಕಾಗದದ ಕೆಲಸ. ಬೆಳಗಿನಿಂದ ಸಂಜೆವರೆಗೆ ಫೈಲು, ಕಟ್ಟು, ಹಾಳೆ. ಕೈಯಲ್ಲಿರುವ ಪಸೆಯನ್ನೆಲ್ಲ ಕಾಗದ ಹೀರಿಬಿಡುತ್ತದೆ. ಬೆರಳ ತುದಿ ಸೀಳುತ್ತಿತ್ತು, ಉಗುರಿನ ಪಕ್ಕ ಸಿಬಿರು ಏಳುತ್ತಿತ್ತು. ಹಿಮ್ಮಡಿಯಂತೂ ಕೇಳಲೇಬೇಡಿ. ರಾತ್ರಿ ಮಗ್ಗುಲು ಬದಲಾಯಿಸಿದರೆ ಬಿರುಕಿಗೆ ಹೊದಿಕೆಯ ದಾರ ಸಿಕ್ಕಿ ಚರ್ ಅಂತ ಸದ್ದಾಗುತ್ತಿತ್ತು. ಪಂಪ್ ಬಾಟಲಿಯ ಲೋಷನ್ನುಗಳು ಅರ್ಧ ಗಂಟೆಯಲ್ಲಿ ಮಾಯ. ಹೀಗೆ ಹುಡುಕುತ್ತ ಹುಡುಕುತ್ತ ಶಿಯಾ ಬಟರಿಗೆ ಬಂದೆ.

ಮೊದಲ ಡಬ್ಬಿ ರಿಫೈನ್ ಮಾಡಿದ್ದು. ಬೆಳ್ಳಗೆ, ವಾಸನೆ ಇಲ್ಲ. ಮುಚ್ಚಳದ ಮೇಲೆ ಫೇರ್ ಟ್ರೇಡ್ ಮುದ್ರೆ, ಅಂದರೆ ದುಡಿದವರಿಗೆ ನ್ಯಾಯದ ಬೆಲೆ ಕೊಟ್ಟಿದೆ ಅನ್ನುವ ಗುರುತು. ಅದರ ಕೆಳಗೆ ಒಂದು ಫೋಟೋ: ನಾಲ್ಕೈದು ಹೆಂಗಸರು ದೊಡ್ಡ ಬೇಸಿನ್ನಿನ ಸುತ್ತ ಕೂತು ಮೊಣಕೈವರೆಗೆ ಕಂದು ಹಿಟ್ಟಿನಲ್ಲಿ ಕೈ ಹಾಕಿ ನಾದುತ್ತಿದ್ದಾರೆ. ಚೆಂದದ ಫೋಟೋ. ಅದನ್ನು ನೋಡಿಯೇ ಕೊಂಡೆ ಅಂದರೂ ಸರಿ. ಈ ಫೋಟೋ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ಮುಚ್ಚಳ ತೆಗೆದು ಬೆರಳಿಟ್ಟರೆ ಒಳಗೆಲ್ಲ ಸಣ್ಣ ಸಣ್ಣ ಕಾಳು. ಸಾಸಿವೆಗಿಂತ ಚಿಕ್ಕದು, ರವೆಗಿಂತ ಒಂಚೂರು ದಪ್ಪ. ಮೆತ್ತಗಿನ ಬೆಣ್ಣೆ ಬರುತ್ತದೆ ಅಂದುಕೊಂಡವಳಿಗೆ ಮರಳು ಸಿಕ್ಕ ಹಾಗಾಯಿತು. ಹಳೇ ಮಾಲು, ಇಲ್ಲವೇ ಏನೋ ಬೆರೆಸಿದ್ದಾರೆ ಅಂತ ತೀರ್ಮಾನ ಮಾಡಿ ಆ ಒಂದು ಸ್ಟಾರ್ ಒತ್ತಿದೆ.

ದುಡ್ಡು ಕೊಟ್ಟಾಗಿದೆ, ಬಿಸಾಕಲು ಮನಸ್ಸು ಬರಲಿಲ್ಲ. ಹಿಮ್ಮಡಿಗಾದರೂ ಇರಲಿ ಅಂತ ಇಟ್ಟುಕೊಂಡೆ. ಆಗ ಗೊತ್ತಾಯಿತು, ಆ ಕಾಳನ್ನು ಅಂಗೈಯಲ್ಲಿಟ್ಟು ಇನ್ನೊಂದು ಕೈಯಿಂದ ಮೆಲ್ಲಗೆ ಒತ್ತಿದರೆ ಕರಗಿಹೋಗುತ್ತದೆ. ಎಣ್ಣೆಯಾಗುತ್ತದೆ. ಮರಳಾಗಿದ್ದರೆ ಕರಗುತ್ತಿರಲಿಲ್ಲ ಅಲ್ವಾ?

ಕಾರಣ ಸರಳ. ಶಿಯಾ ಕೊಬ್ಬಿನಲ್ಲಿ ಮುಖ್ಯವಾಗಿ ಎರಡು ಕೊಬ್ಬಿನಾಮ್ಲಗಳಿವೆ, ಸ್ಟಿಯರಿಕ್ ಮತ್ತು ಒಲಿಯಿಕ್. ಸ್ಟಿಯರಿಕ್ ಜಾಸ್ತಿ ಇರುವ ಭಾಗ ಬೇಗ ಗಟ್ಟಿಯಾಗುತ್ತದೆ, ಒಲಿಯಿಕ್ ಜಾಸ್ತಿ ಇರುವ ಭಾಗ ತಡವಾಗಿ. ಡಬ್ಬಿ ದಾರಿಯಲ್ಲಿ ಬಿಸಿಲಿಗೆ ಕರಗಿ, ರಾತ್ರಿ ನಿಧಾನಕ್ಕೆ ತಣ್ಣಗಾದರೆ, ಗಟ್ಟಿ ಭಾಗಕ್ಕೆ ಒಂದಕ್ಕೊಂದು ಸೇರಿ ದೊಡ್ಡ ಹರಳು ಕಟ್ಟಲು ಬೇಕಾದಷ್ಟು ಸಮಯ ಸಿಗುತ್ತದೆ. ಅದೇ ಆ ರವೆ. ಕೆಟ್ಟಿರುವುದೂ ಅಲ್ಲ, ಕಲಬೆರಕೆಯೂ ಅಲ್ಲ.

ಇದು ತಿಳಿದ ದಿನ ನನಗೆ ನಾಚಿಕೆಯಾಯಿತು. ತುಪ್ಪ ಹರಳು ಹರಳಾಗಿ ಕಟ್ಟಿದ್ದರೆ "ಆಹಾ, ಹದವಾಗಿ ಕಾಯಿಸಿದ್ದಾರೆ" ಅನ್ನುವ ಜನ ನಾವು. ನುಣ್ಣಗಿದ್ದರೇ ಅನುಮಾನ ಪಡುತ್ತೇವೆ. ಶಿಯಾ ಬಟರ್ ಮಾಡುವ ಕ್ರಮ ಓದಿದರೆ ಅದೂ ತುಪ್ಪದ ದಾಯಾದಿಯೇ. ನಾದಿದಾಗ ತೇಲಿ ಬರುವ ಬೆಣ್ಣೆಯನ್ನು ತೊಳೆದು, ಒಲೆ ಮೇಲಿಟ್ಟು, ನೀರಿನ ಅಂಶ ಹೋಗುವವರೆಗೆ ಕಾಯಿಸಿ, ಸೋಸಿ, ಆರಿಸುತ್ತಾರೆ. ಯಾರೋ ಬಟರ್ ಅಂತ ಹೆಸರಿಟ್ಟರು, ನಾವು ಮೋಸ ಹೋದೆವು.

ಆದರೂ ಮುಖಕ್ಕೋ ತುಟಿಗೋ ರವೆ ಬೇಡ ಅನ್ನುವವರಿಗೆ ನಾನು ಮಾಡುವ ಉಪಾಯ ಹೇಳುತ್ತೇನೆ. ಪಾತ್ರೆಯಲ್ಲಿ ನೀರು ಬಿಸಿ ಮಾಡಿ, ಅದರೊಳಗೆ ಬಟ್ಟಲಿಟ್ಟು ಪೂರ್ತಿ ಕರಗಿಸಿ. ಒಂದೂ ಕಾಳು ಉಳಿಯಬಾರದು, ಉಳಿದರೆ ಅದರ ಸುತ್ತಲೇ ಮತ್ತೆ ಹರಳು ಕಟ್ಟುತ್ತದೆ. ಆಮೇಲೆ ಬಟ್ಟಲನ್ನು ಐಸ್ ನೀರಿನಲ್ಲಿಟ್ಟು ಚಮಚದಿಂದ ಆಡಿಸುತ್ತಾ ಇರಿ. ಮಂಜು ಕವಿದ ಹಾಗೆ ಬಿಳಿಚಿಕೊಳ್ಳುತ್ತದೆ, ಆಮೇಲೆ ದಪ್ಪಗಾಗುತ್ತದೆ. ಆಗ ಡಬ್ಬಿಗೆ ತುಂಬಿ ಫ್ರಿಜ್ಜಿಗೆ ಹಾಕಿ. ಬೇಗ ತಣಿದರೆ ಹರಳು ದೊಡ್ಡದಾಗಲು ಪುರುಸೊತ್ತೇ ಇರುವುದಿಲ್ಲ. ಮೊದಲ ಸಲ ನೀರು ಒಳಗೆ ಹಾರಿ ಅರ್ಧ ಡಬ್ಬಿ ಹಾಳು ಮಾಡಿದೆ. ಈಗ ಪಳಗಿದ್ದೇನೆ.

ಈಗ ದಿನದ ಕ್ರಮ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಕೈಯನ್ನು ಪೂರ್ತಿ ಒರೆಸುವುದಿಲ್ಲ. ತೇವ ಇರುವಾಗಲೇ ಹಚ್ಚಬೇಕು. ಶಿಯಾ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಆರಿಹೋಗದಂತೆ ಮೇಲೆ ಮುಚ್ಚುತ್ತದೆ ಅಷ್ಟೆ. ಒಣ ಕೈಗೆ ಹಚ್ಚಿಕೊಂಡು "ಬರೀ ಜಿಡ್ಡು" ಅನ್ನುವವರು ಇದೊಂದನ್ನು ಬದಲಾಯಿಸಿ ನೋಡಿ. ಚಮಚದ ಹಿಡಿಯ ತುದಿಯಿಂದ ಕಡಲೆಕಾಳಿನಷ್ಟು ಕೆರೆದುಕೊಳ್ಳುತ್ತೇನೆ. ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ಅಂಗೈಗಳ ನಡುವೆ ಇಟ್ಟು ಹತ್ತು ಎಣಿಸುವಷ್ಟರಲ್ಲಿ ಕರಗುತ್ತದೆ. ಮೊದಲು ಬೆರಳ ಗೆಣ್ಣು, ಆಮೇಲೆ ಉಗುರಿನ ಸುತ್ತ, ಉಳಿದದ್ದು ಮೊಣಕೈಗೆ. ಹಿಮ್ಮಡಿಗೆ ಬೇರೆ ಕಾಳು. ಹಚ್ಚಿ ಹಳೇ ಕಾಲುಚೀಲ ಹಾಕಿಕೊಂಡು ಮಲಗುವುದು. ಮೂರು ವಾರದಲ್ಲಿ ದಾರ ಸಿಕ್ಕಿಕೊಳ್ಳುವುದು ನಿಂತಿತು.

ಹಗಲು ಮಾತ್ರ ಹಚ್ಚುವುದಿಲ್ಲ. ಒಂದು ದಿನ ಹಚ್ಚಿಕೊಂಡು ಕೆಲಸಕ್ಕೆ ಕೂತು, ಸಹಿಯಾದ ಹಾಳೆಯ ಮೂಲೆಯಲ್ಲಿ ನನ್ನ ಹೆಬ್ಬೆಟ್ಟಿನ ಗುರುತು ಎಣ್ಣೆಯಲ್ಲಿ ಅಚ್ಚೊತ್ತಿದ ಹಾಗೆ ಮೂಡಿತು. ಬೆಳಕಿಗೆ ಹಿಡಿದರೆ ಗೆರೆ ಗೆರೆಯೂ ಕಾಣುತ್ತಿತ್ತು. ಆ ಹಾಳೆಯನ್ನು ಮತ್ತೆ ಪ್ರಿಂಟ್ ಹಾಕಿಸಿ ಸಹಿ ಹಾಕಿಸಬೇಕಾಯಿತು.

ಮುಖಕ್ಕೆ ನನಗೆ ಒಗ್ಗಲಿಲ್ಲ, ಹಣೆಯಲ್ಲಿ ಸಣ್ಣ ಗುಳ್ಳೆ ಬಂದವು. ಒಣ ಚರ್ಮದ ನಮ್ಮಕ್ಕನಿಗೆ ಏನೂ ಆಗಲಿಲ್ಲ. ಹಳೇ ಸುಟ್ಟ ಕಲೆಯೊಂದಕ್ಕೆ ವರ್ಷವಿಡೀ ಹಚ್ಚಿದೆ, ಕಲೆ ಇದ್ದಲ್ಲೇ ಇದೆ. ಬಿಸಿಲಿನಿಂದ ಕಾಪಾಡುತ್ತದೆ ಅಂತ ಕೆಲವು ಡಬ್ಬಿಗಳ ಮೇಲೆ ಬರೆದಿರುತ್ತಾರೆ. ಇದರಲ್ಲಿರುವ ಸಿನಮಿಕ್ ಆಮ್ಲದ ಎಸ್ಟರುಗಳು ಅನ್ನುವ ರಾಸಾಯನಿಕಗಳು ಬಿಸಿಲಿನ ಅತಿನೇರಳೆ ಕಿರಣವನ್ನು ಸ್ವಲ್ಪ ಹೀರುವುದು ನಿಜ. ಆದರೆ ಅದನ್ನು ನಂಬಿ ಸನ್‌ಸ್ಕ್ರೀನ್ ಬಿಟ್ಟರೆ ಸುಟ್ಟುಕೊಳ್ಳುವುದು ನಿಮ್ಮ ಚರ್ಮವೇ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಎರಡು ವರ್ಷ ಅದೇ ಡಬ್ಬಿ ಕೊಂಡೆ. ದಿನಾ ರಾತ್ರಿ ಆ ಫೋಟೋ ನೋಡುವುದು. ಆ ಹೆಂಗಸರು ಯಾವ ಊರಿನವರು ಅನ್ನುವ ಕುತೂಹಲ ಹುಟ್ಟಿತು. ಓದುತ್ತಾ ಹೋದೆ.

ಸೆನೆಗಲ್‌ನಿಂದ ಪೂರ್ವಕ್ಕೆ ಉಗಾಂಡದವರೆಗೆ, ಸಹಾರಾದ ಕೆಳಗೆ ಒಂದು ಪಟ್ಟಿಯ ಹಾಗೆ ಹಬ್ಬಿರುವ ಒಣ ಬಯಲಿನ ಮರ ಈ ಶಿಯಾ. ಹೆಚ್ಚಾಗಿ ಯಾರೂ ನೆಟ್ಟು ಬೆಳೆಸಿದ್ದಲ್ಲ. ಹೊಲ ಹಸನು ಮಾಡುವಾಗ ತಾನಾಗಿ ಎದ್ದ ಗಿಡವನ್ನು ಕಡಿಯದೆ ಬಿಡುತ್ತಾರೆ. ಕಾಯಿ ಬಿಡಲು 15-20 ವರ್ಷ ಬೇಕು. 1352ರಲ್ಲಿ ಮಾಲಿ ರಾಜ್ಯಕ್ಕೆ ಹೊರಟ ಇಬ್ನ್ ಬತೂತ ಕೂಡ ಈ ಕಾಯಿಯ ಎಣ್ಣೆಯ ವಿಷಯ ಬರೆದಿದ್ದಾನೆ. ಘಾನಾದ ಉತ್ತರ ಭಾಗ, ಬುರ್ಕಿನಾ ಫಾಸೊ, ಮಾಲಿ, ನೈಜೀರಿಯಾ ಕಡೆಗಳಲ್ಲಿ ಮಳೆಗಾಲ ಶುರುವಾಗುತ್ತಿದ್ದಂತೆ ಹಣ್ಣು ಉದುರುತ್ತದೆ. ಹೆಂಗಸರು ಬೆಳಕು ಹರಿಯುವ ಮುಂಚೆ ಬುಟ್ಟಿ ಹೊತ್ತು ಹೊರಡುತ್ತಾರೆ. ಹುಲ್ಲಿನಲ್ಲಿ ಹಾವು, ಚೇಳು. ತಿರುಳು ತಿನ್ನಲು. ಬೀಜವನ್ನು ಕುದಿಸಿ, ಬಿಸಿಲಿಗೆ ಒಣಗಿಸಿ, ಒಡೆದು, ಒಳಗಿನ ಪಪ್ಪನ್ನು ಕುಟ್ಟಿ, ಹುರಿದು, ಬೀಸಿದರೆ ಚಾಕೊಲೇಟಿನ ಹಾಗೆ ಕಂದು ಹಿಟ್ಟು. ಅದಕ್ಕೆ ನೀರು ಹಾಕುತ್ತಾ ಕೈಯಲ್ಲಿ ನಾದುತ್ತಾರೆ. ನಾದಿ ನಾದಿ ತೋಳು ಸೋಲುವ ಹೊತ್ತಿಗೆ ಬಣ್ಣ ಬಿಳಿಚಿ ಕೊಬ್ಬು ನೊರೆಯಾಗಿ ಮೇಲೆ ಬರುತ್ತದೆ. ನನ್ನ ಡಬ್ಬಿಯ ಫೋಟೋ ಆ ಹೊತ್ತಿನದು.

ಈ ಕೆಲಸ ಹೆಂಗಸರದೇ. ಘಾನಾದ ಆಕ್ರಾದಲ್ಲಿ ಕಚೇರಿ ಇರುವ ಗ್ಲೋಬಲ್ ಶಿಯಾ ಅಲಯನ್ಸ್ ಪ್ರಕಾರ ಸುಮಾರು 1 ಕೋಟಿ 60 ಲಕ್ಷ ಹೆಂಗಸರು ಇದರಲ್ಲಿದ್ದಾರೆ. ಹಣ್ಣು ಬೀಳುವ ಕಾಲಕ್ಕೆ ಸರಿಯಾಗಿ ಕಣಜ ಖಾಲಿಯಾಗಿರುತ್ತದೆ, ಹೊಸ ಬೆಳೆ ಇನ್ನೂ ಹೊಲದಲ್ಲಿರುತ್ತದೆ. ಕೈಯಲ್ಲಿ ಕಾಸಿಲ್ಲದವರು ಬೀಜವನ್ನು ಆಗಲೇ ದಲ್ಲಾಳಿಗೆ ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಾರೆ. ಆರು ತಿಂಗಳು ಇಟ್ಟುಕೊಂಡವರಿಗೆ ಒಳ್ಳೆ ಬೆಲೆ, ಆದರೆ ಇಟ್ಟುಕೊಳ್ಳಲು ಆಗಬೇಕಲ್ಲ. ಫೇರ್ ಟ್ರೇಡ್ ಕೈ ಹಾಕುವುದು ಇಲ್ಲೇ. ಕನಿಷ್ಠ ಬೆಲೆ ಅಂತ ಒಂದು ಗೆರೆ, ಅದರ ಮೇಲೆ ಸಂಘಕ್ಕೆ ಪ್ರೀಮಿಯಂ ಅಂತ ಒಂದಿಷ್ಟು ಹಣ, ಆ ಹಣವನ್ನು ಏನು ಮಾಡಬೇಕು ಅಂತ ಸಂಘದ ಹೆಂಗಸರೇ ಕೂತು ತೀರ್ಮಾನಿಸುವುದು. ಮುದ್ರೆಗೆ ನಾನು ಜಾಸ್ತಿ ದುಡ್ಡು ಕೊಟ್ಟದ್ದಕ್ಕೆ ಬೇಸರವಿಲ್ಲ.

ಬೇಸರ ಫೋಟೋದ್ದು. ಕಂಪನಿಗೆ ಬರೆದೆ, ಈ ಸಂಘ ಯಾವುದು, ಯಾವ ಊರು ಅಂತ. ಎರಡು ಪತ್ರಕ್ಕೆ "ನಿಮ್ಮ ಪ್ರೀತಿಗೆ ಧನ್ಯವಾದ" ಅಂತ ಉತ್ತರ. ಮೂರನೆಯದಕ್ಕೆ ವಿಷಯ ಬಂತು. ಬೀಜವನ್ನು ಮಾತ್ರ ಪಶ್ಚಿಮ ಆಫ್ರಿಕಾದಿಂದ ತರಿಸುತ್ತಾರಂತೆ. ಕೊಬ್ಬು ತೆಗೆಯುವುದು, ರಿಫೈನ್ ಮಾಡುವುದು ಎಲ್ಲ ಬೇರೆ ಕಡೆಯ ಕಾರ್ಖಾನೆಯಲ್ಲಿ, ಯಂತ್ರದಲ್ಲಿ. ಫೋಟೋ "ಪ್ರಾತಿನಿಧಿಕ".

ಎಷ್ಟು ಚೆಂದದ ಪದ! ಎರಡು ವರ್ಷ ರಾತ್ರಿ ರಾತ್ರಿ ಆ ತೋಳುಗಳನ್ನು ನೋಡಿ, ಇವರು ನಾದಿದ್ದನ್ನೇ ನಾನು ಹಚ್ಚುತ್ತಿದ್ದೇನೆ ಅಂದುಕೊಂಡಿದ್ದೆ. ನನ್ನ ಡಬ್ಬಿಯನ್ನು ಯಾರೂ ನಾದಿರಲೇ ಇಲ್ಲ. ಮುದ್ರೆ ಸುಳ್ಳಲ್ಲ, ಬೀಜಕ್ಕೆ ನ್ಯಾಯದ ಬೆಲೆ ಕೊಟ್ಟಿರಬಹುದು. ಆದರೆ ಬೀಜಕ್ಕಿಂತ ಬಟರಿಗೆ ಬೆಲೆ ಜಾಸ್ತಿ. ಆ ಹೆಚ್ಚಿನ ದುಡ್ಡು ಫೋಟೋದಲ್ಲಿರುವ ಕೈಗಳಿಗೆ ಹೋಗಲಿಲ್ಲ ಅಲ್ವಾ? ಅವರ ದುಡಿಮೆಯ ಚಿತ್ರ ಬೇಕು, ದುಡಿಮೆ ಬೇಡ.

ಇದು ಒಂದು ಕಂಪನಿಯ ಕಥೆಯಲ್ಲ ಅನ್ನುವುದೂ ಆಮೇಲೆ ತಿಳಿಯಿತು. ಹೊರದೇಶಕ್ಕೆ ಹೋಗುವ ಶಿಯಾದಲ್ಲಿ ಬಹುಪಾಲು ಚರ್ಮಕ್ಕೆ ಬರುವುದೇ ಇಲ್ಲ, ಚಾಕೊಲೇಟು, ಬೇಕರಿ ಕಡೆಗೆ ಹೋಗುತ್ತದೆ. ಚಾಕೊಲೇಟಿನಲ್ಲಿ ಕೋಕೋ ಬಟರ್ ಅಲ್ಲದ ಸಸ್ಯದ ಕೊಬ್ಬು 5%ವರೆಗೆ ಇರಬಹುದು ಅಂತ ಯುರೋಪಿಯನ್ ಒಕ್ಕೂಟ 2000ದಲ್ಲಿ ನಿಯಮ ಮಾಡಿತು. ಹಾಗೆ ಸೇರಿಸಲು ಒಪ್ಪಿದ ಆರು ಕೊಬ್ಬುಗಳ ಪಟ್ಟಿಯಲ್ಲಿ ಶಿಯಾ ಇದೆ. (ನಮ್ಮ ಮುರುಗಲ ತುಪ್ಪವೂ ಇದೆ, ಓದಿ ಖುಷಿಯಾಯಿತು.) ಆ ದೊಡ್ಡ ಕಾರ್ಖಾನೆಗಳಿಗೆ ಬೇಕಾಗಿರುವುದು ಹಡಗುಗಟ್ಟಲೆ ಬೀಜ, ಕೈಯಲ್ಲಿ ನಾದಿದ ಬಟರ್ ಅಲ್ಲ. ಬಟರನ್ನು ನಮ್ಮಲ್ಲೇ ತೆಗೆಯೋಣ ಅಂತ ನೈಜೀರಿಯಾ ಸರ್ಕಾರ ಆಗಸ್ಟ್ 2025ರಲ್ಲಿ ಬೀಜವನ್ನು ಹಾಗೇ ರಫ್ತು ಮಾಡುವುದನ್ನು ಆರು ತಿಂಗಳ ಮಟ್ಟಿಗೆ ನಿಲ್ಲಿಸಿತು. ಬೀಜ ಮಾರಿಯೇ ಸಂಸಾರ ನಡೆಸುವವರಿಗೆ ಅಂಥ ತಡೆ ತಕ್ಷಣಕ್ಕೆ ಹೊಡೆತವೂ ಆಗಬಹುದು. ಸುಲಭದ ಉತ್ತರ ಇಲ್ಲ.

ಮೂರನೇ ವರ್ಷ ಬದಲಾಯಿಸಿದೆ. ಈಗಿನದು ಉತ್ತರ ಘಾನಾದ ಹೆಂಗಸರ ಸಂಘವೊಂದು ಅಲ್ಲೇ ನಾದಿ, ಕಾಯಿಸಿ ಕಳಿಸುವುದು. ಸಂಘದ ಹೆಸರು, ತಯಾರಾದ ತಿಂಗಳು ಡಬ್ಬಿ ಮೇಲಿದೆ. ಫೋಟೋ ಇಲ್ಲ. ರಿಫೈನ್ ಮಾಡಿಲ್ಲವಾದ್ದರಿಂದ ದಂತದ ಬಣ್ಣ. ಕೆಲವು ಕಡೆ ಕಡು ಹಳದಿಯದೂ ಸಿಗುತ್ತದೆ, ಅದಕ್ಕೆ ಒಂದು ಬೇರಿನ ಬಣ್ಣ ಹಾಕಿರುತ್ತಾರೆ. ನನಗೆ ಬಣ್ಣ ಬೇಕಿಲ್ಲ.

ವಾಸನೆ ಮಾತ್ರ ಇದೆ ನೋಡಿ! ಹುರಿದ ಕಾಳು, ಹೊಗೆ, ಸ್ವಲ್ಪ ಕಮಟು. ಮುಚ್ಚಳ ತೆಗೆದ ದಿನ ಅಕ್ಕ ಮೂಗು ಮುಚ್ಚಿ, "ಇದೇನೇ, ಸೌದೆ ಒಲೆ ಮುಂದೆ ಕೂತು ಎದ್ದು ಬಂದ ಹಾಗಿದೀಯ" ಅಂದಳು. ನನಗೂ ಮೊದಲ ವಾರ ಕಷ್ಟವಾಯಿತು. ಹಚ್ಚಿದ ಹತ್ತು ನಿಮಿಷಕ್ಕೆ ಹೋಗುತ್ತದೆ, ಆದರೆ ದಿಂಬಿನ ಬಟ್ಟೆಯಲ್ಲಿ ಉಳಿಯುತ್ತದೆ. ಒಂದೊಂದು ಡಬ್ಬಿ ಒಂದೊಂದು ಥರ. ಹೋದ ಸಲದ್ದು ಮೆತ್ತಗಿತ್ತು, ಈ ಸಲದ್ದನ್ನು ಚಮಚದಲ್ಲಿ ಕೆತ್ತಬೇಕು. ಬೆಲೆ ಮೊದಲಿನದಕ್ಕಿಂತ ಜಾಸ್ತಿ. ನನ್ನ ಜೇಬಿಗೆ ವರ್ಷಕ್ಕೆ ಎರಡು ಡಬ್ಬಿ ಸಾಕು, ಅದಕ್ಕೇ ಕಡಲೆಕಾಳಿನ ಲೆಕ್ಕ ಬಿಟ್ಟಿಲ್ಲ. ಮನೆಮಂದಿಯೆಲ್ಲ ಮೈಗೆ ಬಳಿದುಕೊಳ್ಳುವುದಾದರೆ ನಾನು ಇದನ್ನು ಹೇಳುವುದಿಲ್ಲ. ರಿಫೈನ್ ಮಾಡಿದ್ದೂ ಹಿಮ್ಮಡಿಗೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು, ಸುಳ್ಳು ಯಾಕೆ ಹೇಳಲಿ.

ಇದರಲ್ಲೂ ರವೆ ಇದೆ. ಈಗ ಕರಗಿಸುವ ಗೋಜಿಗೆ ಹೋಗುವುದಿಲ್ಲ. ಬೆರಳ ಕೆಳಗೆ ಒಂದೊಂದೇ ಕಾಳು ಕರಗುವುದು ಸುಮ್ನೆ ಒಂಥರಾ ಹಿತ. ಅಕ್ಕ ವಾಸನೆಗೆ ಬೈಯುತ್ತಲೇ ನನ್ನ ಡಬ್ಬಿಯಿಂದ ಕೆರೆದುಕೊಂಡು ಹೋಗುತ್ತಾಳೆ, ಚಮಚದ ಗುರುತಿನಿಂದ ಗೊತ್ತಾಗುತ್ತದೆ.

ಹಳೇ ಡಬ್ಬಿಯ ಒಂದು ಸ್ಟಾರನ್ನು ಮೂರು ಮಾಡಿದ್ದೇನೆ. ರವೆಗೆ ಕಳೆದಿದ್ದನ್ನು ವಾಪಸ್ ಕೊಟ್ಟಾಯಿತು. ಉಳಿದ ಎರಡು ಫೋಟೋದ್ದು.